ಮುನ್ನೂರ ನಾಲ್ಕನೆಯ ಚೀಟಿ

ಕರ್ಲಿಂಗ್ ಹಾಲಿನ ಬಾಗಿಲು ತೆಗೆಯುವುದು ಎಂಟಕ್ಕೆ.
ನಾನು ಹೋದದ್ದು ನಾಲ್ಕೂವರೆಗೆ. ಅಷ್ಟರಲ್ಲಾಗಲೇ
ನನ್ನ ಮುಂದೆ ಇನ್ನೂರ ಹನ್ನೊಂದು ಜನ.
ಎಣಿಸಿದ್ದು ನಾನಲ್ಲ, ರೆಜಾನ್ ಥಿಬೋ.
ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸುರುಳಿ ಎಣಿಸಿದವನು,
ಸುಮ್ಮನೆ ನಿಲ್ಲಲು ಬಾರದು ಅವನಿಗೆ.

ಮೈನಸ್ ಇಪ್ಪತ್ತಾರು. ಬಿಟ್ಟ ಉಸಿರು
ಹುಬ್ಬಿನ ಮೇಲೆ ಕೂತು ಬೆಳ್ಳಗಾಗುತ್ತಿತ್ತು.
ಮಡಚುವ ಕುರ್ಚಿ ತಂದವರು,
ಮೀನು ಹಿಡಿಯುವ ಡೇರೆಯನ್ನೇ ಎಳೆದು ತಂದವರು,
ಮಲಗಿದ್ದ ಬಟ್ಟೆಯ ಮೇಲೇ ಕೋಟು ಏರಿಸಿ ಬಂದವರು.
ಇಷ್ಟು ಜನ ಒಂದೆಡೆ ಕಂಡದ್ದು
ಕಾರ್ಖಾನೆ ಮುಚ್ಚಿದ ದಿನ.
ಅವತ್ತು ಕೂಗಾಟವಿತ್ತು. ಇವತ್ತು ಕೆಮ್ಮು.

ಸುಪೀರಿಯರ್ ಸರೋವರದ ಉತ್ತರಕ್ಕೆ, ನಮ್ಮೂರಿಗೆ,
ಹಾಲ್ವರ್ಸನ್ ಡಾಕ್ಟರು ಸತ್ತ ಮೇಲೆ ಒಂಬತ್ತು ವರ್ಷ
ಯಾರೂ ಬರಲಿಲ್ಲವೆಂದಲ್ಲ. ಬಂದರು.
ಒಬ್ಬ ಆರು ವಾರ ಇದ್ದು ಸೊಳ್ಳೆಯ ತಿಂಗಳಲ್ಲಿ ಹೋದ.
ಒಬ್ಬಳ ಗಂಡನಿಗೆ ಇಲ್ಲಿ ಕೆಲಸ ಸಿಗಲಿಲ್ಲ.
ಮತ್ತೊಬ್ಬನನ್ನು ಕರೆತರಲು ಪುರಸಭೆ
ನೀರಂಚಿನ ಮನೆ, ಚಳಿಗಾಲಕ್ಕಾಗುವಷ್ಟು ಸೌದೆ,
ಮೇಲೊಂದು ದೋಣಿ ಕೊಡುತ್ತೇನೆಂದಿತು.
ದೋಣಿ ಇನ್ನೂ ಇದೆ. ಬೋರಲು.

ಕಿವಿನೋವೆಂದರೆ ನಮಗೆ ನೂರಾ ತೊಂಬತ್ತು ಕಿಲೋಮೀಟರು,
ಮೂಸ್ ಅಡ್ಡ ಬರದಿದ್ದರೆ.
ಅಲ್ಲಿ ತುರ್ತು ವಿಭಾಗದ ಬೆಂಚಿನಲ್ಲಿ ಎಂಟು ಗಂಟೆ.
ಆಮೇಲೆ ಹುಡುಗನೊಬ್ಬ ಕೇಳುತ್ತಾನೆ,
ನಿಮ್ಮ ಕುಟುಂಬ ವೈದ್ಯರು ಯಾರು?
ಇಲ್ಲವೆಂದರೆ ಆ ಚೌಕದಲ್ಲೊಂದು ಗೀಟು.
ನಾಯಿಗಳಿಗೆ ವೈದ್ಯನಿದ್ದಾನೆ ಇಲ್ಲಿ. ಕೈಗುಣ ಒಳ್ಳೆಯದು.
ಹೋದ ವರ್ಷ ನನ್ನ ಮೊಣಕೈಯನ್ನೂ ಒತ್ತಿ ನೋಡಿದ,
ಯಾರಿಗೂ ಹೇಳಬೇಡ ಐಲಿ, ಎಂದ.
ಊರಿಗೆಲ್ಲ ಗೊತ್ತು.

ಏಳಕ್ಕೆ ಶಾಲೆಯ ಬಸ್ಸು ತೆಗೆಯಬೇಕಿತ್ತು ನಾನು.
ಇವತ್ತು ಆಗದು ಎಂದು ಹೆಡ್‌ಮೇಡಂಗೆ ಫೋನು ಮಾಡಿದರೆ
ಗಂಟೆ ಬಾರಿಸಿದ್ದು ನನ್ನ ಬೆನ್ನ ಹಿಂದೆಯೇ,
ಹದಿನೈದು ಜನರಾಚೆ.
ಶಾಲೆಗೆ ರಜೆ ಕೊಟ್ಟೆವು, ಅಲ್ಲೇ, ಸಾಲಿನಲ್ಲೇ.

ವರ್ನಾ ಕೀಸಿಕ್ ಥರ್ಮಾಸಿನ ಮುಚ್ಚಳದಲ್ಲಿ ಚಹಾ ಕೊಟ್ಟಳು.
ಅವಳ ಜನರ ಊರು ಇನ್ನೂ ಮೇಲೆ, ರಸ್ತೆ ಮುಗಿದ ಮೇಲೆ.
ನಮ್ಮಲ್ಲಿ ಡಾಕ್ಟರು ವಿಮಾನದಲ್ಲಿ ಬರುತ್ತಾರೆ, ಎಂದಳು,
ತಿಂಗಳಿಗೊಮ್ಮೆ, ಮಂಜಿಲ್ಲದಿದ್ದರೆ.
ಈಗ ನಿಮಗೂ ಗೊತ್ತಾಯಿತಲ್ಲ.
ಚಹಾ ಬಿಸಿಯಿತ್ತು. ನಾನು ಬೇರೇನೂ ಹೇಳಲಿಲ್ಲ.

ಮುಂದಿದ್ದವರು ಗಂಡ, ನಾದಿನಿ, ಬಾಡಿಗೆಯವರಿಗೆಲ್ಲ
ಜಾಗ ಹಿಡಿದಿದ್ದರು;
ನನಗೆ ಸಿಕ್ಕಿದ್ದು ಮುನ್ನೂರ ನಾಲ್ಕು.
ಐದುನೂರಕ್ಕೆ ಪುಸ್ತಕ ಮುಚ್ಚಿತು.
ಮುಚ್ಚಿದ ಮೇಲೂ ಹಿಂದಿನವರು
ಸ್ವಲ್ಪ ಹೊತ್ತು ಸಾಲು ಬಿಡಲಿಲ್ಲ.

ನನ್ನ ಸರದಿ ಬಂದಾಗ ಏಪ್ರಿಲ್, ಕೊಲ್ಲಿಯ ಹಿಮಗಡ್ಡೆ
ರಾತ್ರಿಯಿಡೀ ಮುರಿಯುತ್ತಿದ್ದ ವಾರ.
ಡಾಕ್ಟರ್ ಎಜಿಯಾನಿ. ಗಿಡ್ಡ ಹೆಂಗಸು,
ಯಾರೋ ಆಗಲೇ ಹೆಣೆದುಕೊಟ್ಟ ಕೆಂಪು ಕಾಲುಚೀಲ.
ಮೇಜಿನ ಮೇಲೆ ನನ್ನ ಹಳೆಯ ಕಡತ:
ಒಂಬತ್ತು ವರ್ಷ ಕಬ್ಬಿಣದಂಗಡಿಯ ನೆಲಮಾಳಿಗೆಯಲ್ಲಿದ್ದು
ಮೂಲೆ ಇಲಿ ತಿಂದದ್ದು.

ಹೇಗಿದ್ದೀರಿ? ಎಂದಳು.
ಚೆನ್ನಾಗಿದ್ದೇನೆ, ಎಂದೆ.
ಅವಳು ಕಾಗದದ ಮೇಲೆ ಬೆರಳಿಟ್ಟಳು, ಓದಿದಳು,
ತಲೆಯೆತ್ತಿದಳು.
ಹೇಗಿದ್ದೀರಿ?

ಏನು ಬರೆದಿದೆ ಅಲ್ಲಿ, ಎಂದು ಕೇಳಿದೆ.
ಕಡತವನ್ನು ನನ್ನ ಕಡೆ ತಿರುಗಿಸಿದಳು.
ಹಾಲ್ವರ್ಸನ್ನನ ಕಾಗೆಕಾಲು ಅಕ್ಷರ, ನೀಲಿ ಶಾಯಿ:
ನೋವಿದ್ದರೆ ಹೇಳುವವಳಲ್ಲ. ಎರಡು ಸಲ ಕೇಳಬೇಕು.

ಆ ಮುದುಕ ನನ್ನ ಮುಖ ನೋಡಿದ್ದೇ ಕಡಿಮೆ,
ಯಾವಾಗಲೂ ಕಿಟಕಿಯಾಚೆ ಕಣ್ಣು.

ಕೈಗವಸಿನೊಳಗಿನ ಪಟ್ಟಿ ತೆಗೆದೆ.
ಮೊಣಕೈಯಿಂದ ಶುರುಮಾಡಿದೆ, ಅದು ಸುಲಭ.
ಇದನ್ನು ಮೊದಲು ಯಾರು ನೋಡಿದ್ದರು? ಎಂದಳು.
ಪರಿಚಯದವರೊಬ್ಬರು, ಎಂದೆ.
ನಕ್ಕಳು. ಅವಳಿಗೂ ಗೊತ್ತಾಗಿತ್ತು.
ಇನ್ನೂ ಆರು ಸಾಲು ಇತ್ತು ಪಟ್ಟಿಯಲ್ಲಿ,
ಕಡೆಯದು ಮಡಿಕೆಯೊಳಗೆ.