ಎರಡು ಸಣ್ಣ ನಾಲೆ

ಇಂಜಿನಿಯರು ವರ್ಗವಾಗಿ ಹೋದಾಗ
ಕ್ವಾರ್ಟರ್ಸಿನ ಗೇಟಿಗೆ ಕಟ್ಟಿಹೋದ ನಾಯಿ.
ಬ್ರೂನೊ ಅಂತ ಅವರಿಟ್ಟ ಹೆಸರು ನಮ್ಮ ಸಾಕಮ್ಮನ ಬಾಯಲ್ಲಿ
ಮೂರೇ ದಿನಕ್ಕೆ ಬೂರಣ್ಣ.
ಉದ್ದ ಕಿವಿ. ಅವನು ಅಂಬಲಿ ಕುಡಿದರೆ ಕಿವಿಯೂ ಕುಡಿಯುತ್ತದೆ,
ಬದುವಿನ ಮೇಲೆ ಓಡಿದರೆ
ಹಗ್ಗ ಕಿತ್ತ ಟಾರ್ಪಾಲು.

ನಾನು ನೀರುಗಂಟಿ. ದುದ್ದದ ಕಡೆ ಏಳನೇ ತೂಬು.
ಮೂವತ್ತೊಂದು ವರ್ಷ ನೀರು ಧುಮುಕುವ ಜಾಗದಲ್ಲಿ ನಿಂತು
ನನ್ನ ಕಿವಿ ಅರ್ಧ ನಾಲೆಯ ಪಾಲಾಗಿದೆ.
ಸಾಕಮ್ಮ ಉಪ್ಪು ಅಂದರೆ ನಾನು ಸೊಪ್ಪು ತರುತ್ತೇನೆ.
ರಾತ್ರಿ ಏರಿ ಒಡೆದರೆ, ಯಾರಾದರೂ ಕದ್ದು ತೂಬು ಎತ್ತಿದರೆ,
ಕೇಳಿಸಿಕೊಂಡು ನನ್ನ ಕಂಬಳಿ ಎಳೆಯುವವನು ಬೂರಣ್ಣ.
ಇಲಾಖೆಯ ಪಟ್ಟಿಯಲ್ಲಿ ಅವನ ಹೆಸರಿಲ್ಲ.
ಸಂಬಳ, ನನ್ನ ಮುದ್ದೆಯಲ್ಲಿ ಕಾಲು ಭಾಗ.

ಹೋದ ಆಶ್ಲೇಷ ಮಳೆಯಲ್ಲಿ
ಒಂದು ರಾತ್ರಿ ಅವನು ಎಳೆಯಲಿಲ್ಲ.
ಬೆಳಗ್ಗೆ ನೋಡಿದರೆ ಮೊಟ್ಟೇಗೌಡನ ನಾಟಿ ಪೂರಾ ಮುಳುಗಿತ್ತು.
ಮೊಟ್ಟೇಗೌಡ ಬಯ್ದ. ಎಲ್ಲ ಕೇಳಿಸಲಿಲ್ಲ,
ಬಾಯಿ ಕಾಣುತ್ತಿತ್ತು, ಸಾಕಾಯಿತು.
ನಾನು ಬಂದು ನಾಯಿಯನ್ನು ಬಯ್ದೆ.
ಅವನು ತಲೆ ವಾಲಿಸಿಕೊಂಡು ನಿಂತಿದ್ದ,
ಒಂದೇ ತಟ್ಟೆಗೆ ಕಲ್ಲಿಟ್ಟ ತಕ್ಕಡಿಯ ಹಾಗೆ.

ಕಿವಿ ಎತ್ತಿದೆ.
ಆಲೆಮನೆ ಹಿಂದೆ ಮರೆತ ಕಬ್ಬಿನ ಹಾಲಿನ ಹುಳಿ ನಾತ.
ಒಳಗೆ ಕಾಫಿ ಗಸಿಯಂಥ ಮಡ್ಡಿ.
ಮುಟ್ಟಿದ್ದಕ್ಕೆ ಕುಂಯ್ ಅಂದ. ಕಚ್ಚಲಿಲ್ಲ.

ಸಾಕಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದಳು.
ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಕೆರಿ ಅಂದ ತಮ್ಮ.
ಟೀ ಅಂಗಡಿಯಲ್ಲಿ ಯಾರೋ, ಸುಣ್ಣದ ತಿಳಿ.
ಒಂದನ್ನೂ ಮಾಡಲಿಲ್ಲ.
ಧೈರ್ಯ ಸಾಲಲಿಲ್ಲ ಅಷ್ಟೆ, ಬುದ್ಧಿವಂತಿಕೆಯಲ್ಲ.

ದನದ ಆಸ್ಪತ್ರೆಯ ಡಾಕ್ಟರಮ್ಮ ನಾಜಿಮಾ
ದೀಪದ ಕೊಳವೆ ಇಟ್ಟು ಬಹಳ ಹೊತ್ತು ಇಣುಕಿದರು.
ತಮಟೆ ಹರಿದಿಲ್ಲ, ಪುಣ್ಯ ಅಂದರು.
ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ನಮ್ಮದು ಹೆಚ್ಚುಕಮ್ಮಿ ನೇರ. ಇವನದು ಕೆಳಗಿಳಿದು
ಮೊಣಕೈ ಮಡಿಸಿದ ಹಾಗೆ ಒಳಕ್ಕೆ ತಿರುಗುತ್ತದೆ,
ಮೇಲೆ ಈ ಕಿವಿಯ ಮುಚ್ಚಳ, ಗಾಳಿಯಿಲ್ಲ.
ನಾಲೆಯಲ್ಲಿ ಈಜುತ್ತಾನಾ?
ಈಜುತ್ತಾನೆ.
ಆಮೇಲೆ ಒರೆಸುತ್ತೀರಾ?

ನಿಂತ ನೀರು ಏನು ಮಾಡುತ್ತದೆಂದು
ನೀರುಗಂಟಿಗೆ ಯಾರಾದರೂ ಹೇಳಬೇಕೆ?
ತಿರುವಿನಲ್ಲಿ ಹೂಳು, ಹೂಳಿನ ಮೇಲೆ ಪಾಚಿ,
ಆಚೆಗೆ ಹುಲಿಕೆರೆ ಸುರಂಗದ ಕತ್ತಲು.
ಊರವರ ಬಸಿಗಾಲುವೆಯೆಲ್ಲ ಎತ್ತಿಸಿದವನು
ಮಗ್ಗುಲಲ್ಲಿ ಮಲಗುವವನ ಎರಡು ಸಣ್ಣ ನಾಲೆ
ಒಂದು ದಿನ ಬಗ್ಗಿ ನೋಡಿರಲಿಲ್ಲ.

ಈಗ ಭಾನುವಾರ, ಬಿಸಿಲು ಜಗಲಿಗೆ ಬಂದಾಗ,
ಸೀಸೆಯನ್ನು ಮೊದಲು ಕಂಕುಳಲ್ಲಿಟ್ಟುಕೊಳ್ಳುತ್ತೇನೆ.
ತಣ್ಣಗಿದ್ದರೆ ಬೆಚ್ಚುತ್ತಾನೆ.
ಕಿವಿ ಎತ್ತಿ, ತುಂಬುವಷ್ಟು ಬಿಟ್ಟು,
ಬುಡವನ್ನು ಎರಡು ಬೆರಳಲ್ಲಿ ನೀವುವುದು.
ಒಳಗೆ ಪಚಕ್ ಪಚಕ್.
ನನಗದು ಕೇಳಿಸುವುದಿಲ್ಲ, ಬೆರಳಿಗೆ ಕೇಳಿಸುತ್ತದೆ.
ಆಮೇಲೆ ಹಿಂದೆ ಸರಿಯಬೇಕು. ತಲೆ ಕೊಡವಿದನೆಂದರೆ
ನನ್ನ ಕನ್ನಡಕ, ಗೋಡೆಯ ಕ್ಯಾಲೆಂಡರು,
ಸಾಕಮ್ಮ ಒಣಗಲಿಟ್ಟ ಸಂಡಿಗೆ.
ಅವಳ ಬೈಗುಳ ಮಾತ್ರ ಹೇಗೋ ಸ್ಪಷ್ಟ.
ಬೆರಳು ಹೋಗುವಷ್ಟೇ ಹತ್ತಿಯಲ್ಲಿ ಒರೆಸುತ್ತೇನೆ.
ಅದರಾಚೆ ನನ್ನ ಸರಹದ್ದಲ್ಲ,
ಕಾಣದ ಕಡೆ ಗುದ್ದಲಿ ಹಾಕಿದವನು ಏರಿ ಒಡೆಯುತ್ತಾನೆ.

ಐದನೇ ದಿನಕ್ಕೇ ನಾತ ಹೋಗಿತ್ತು.
ಆದರೂ ಹನಿ ಔಷಧಿ ಹದಿನಾಲ್ಕು ದಿನ,
ನೀರು ಬಿಟ್ಟ ಸರದಿಯ ಪುಸ್ತಕದಲ್ಲೇ ಗೆರೆ ಎಳೆದು ಲೆಕ್ಕ ಇಟ್ಟೆ.
ಒಳಗೀಗ ಎಳೆ ತಾವರೆಯ ತಿಳಿಗೆಂಪು.
ದಿನಾ ಕೆದಕಬೇಡಿ ಎಂದಿದ್ದಾರೆ. ದಿನಾ ಎತ್ತಿ
ಮೂಸುವುದಕ್ಕೆ ಅಡ್ಡಿಯಿಲ್ಲವಂತೆ. ಮೂಸುತ್ತೇನೆ.
ನೋಡಿದವರು ನಗುತ್ತಾರೆ, ಯಾರು ನಾಯಿ ಅಂತ.

ನಿನ್ನೆ ನಡುರಾತ್ರಿ ಕಂಬಳಿ ಎಳೆದ.
ಟಾರ್ಚು ಹಿಡಿದು ಓಡಿದೆ. ಏರಿ ಗಟ್ಟಿಯಿತ್ತು,
ತೂಬಿನ ಬೀಗ ಹಾಗೇ ಇತ್ತು.
ದೂರ, ನಾಲೆಯ ದಾರಿಯಲ್ಲಿ, ಒಂದು ಜೀಪಿನ ದೀಪ.
ಬೂರಣ್ಣ ಅತ್ತಲೇ ನೋಡುತ್ತ ನಿಂತ,
ಆ ಉದ್ದ ಕಿವಿ ಬುಡದಿಂದ ಒಂಚೂರು ಎದ್ದಿತ್ತು.
ದೀಪ ಹುಣಸೆ ತೋಪು ದಾಟಿತು. ಆಮೇಲೂ ನಿಂತೇ ಇದ್ದ.
ನಾನು ಟಾರ್ಚು ಆರಿಸಿದೆ.
ಅವನಿಗೇನು ಕೇಳಿಸಿತೋ.
ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.