ಮೇಲೆ ನಾಲ್ಕು, ಕೆಳಗೆ ಮೂರು

ಮೊದಲು ಧೃತಿಯ ಭುಜ. ಆಮೇಲೆ ಮರದ ಕುದುರೆಯ ಕಿವಿ.
ಆಮೇಲೆ ನನ್ನ ಮಣಿಕಟ್ಟು, ಬಳೆಗಿಂತ ಒಂದು ಬೆರಳು ಮೇಲೆ.
ಮೇಲೆ ನಾಲ್ಕು, ಕೆಳಗೆ ಮೂರು:
ಯಾರೋ ಪುಟ್ಟ ರಂಗೋಲಿಗೆ ಚುಕ್ಕಿಯಿಟ್ಟು
ಗೆರೆ ಎಳೆಯದೆ ಎದ್ದು ಹೋದ ಹಾಗೆ.

ಮೋಕ್ಷಿತ್. ಮೂರು ತುಂಬಿ ಎರಡು ತಿಂಗಳು.
ತೂಕ ಹನ್ನೆರಡೂವರೆ, ಎತ್ತರ ತೊಂಬತ್ತೆರಡು.
ಇಲಾಖೆ ಕೊಟ್ಟ ಫೋನಿನಲ್ಲಿ ಇದಕ್ಕೆಲ್ಲ ಖಾನೆಗಳಿವೆ,
ಕಚ್ಚುವುದಕ್ಕೆ ಖಾನೆಯಿಲ್ಲ.

ಧೃತಿಯ ಅಜ್ಜಿ ನಾಲೆಯ ಏರಿ ಮೇಲಿಂದಲೇ ಕೂಗುತ್ತ ಬಂದಳು:
"ಯಾನ್ ಟೀಚರಮ್ಮ, ಹಲ್ ಕೊಟ್ಟ ದ್ಯಾವ್ರು
ಬುದ್ಧಿ ಕೊಡಾದ ಮರ್ತ್‌ಬುಟ್ಟವ್ನಾ?"
ಚಿಕ್ಕತಾಯಮ್ಮ ಸಾರಿನ ಸೌಟು ಹಿಡಿದೇ ತೀರ್ಪು ಕೊಟ್ಟಳು:
"ತುಟೀಗ್ ಒಸಿ ಮೆಣ್ಸಿನ್ ಪುಡಿ ತಗುಲ್ಸಿ, ಬುಡ್ತನೆ."
ತಿರುಗಿ ಕಚ್ಚಿ ತೋರಿಸಿ ಎಂದವರು ಇಬ್ಬರು.
ತಾಯತ ಎಂದವರು ಒಬ್ಬರು.
ನಾನು ಮದ್ದೂರಿನ ತರಬೇತಿಯ ನೋಟ್ಸು ತೆಗೆದೆ.
ಆ ಪುಟದಲ್ಲಿ ನನ್ನದೇ ಅಕ್ಷರ, "ತಾಳ್ಮೆ", ಅಡಿಗೆರೆ ಎರಡು.
ಊಟವಾದ ಮೇಲಿನ ಪಾಠವಿರಬೇಕು,
ಮುಂದೇನೂ ಬರೆದಿಲ್ಲ.

ಅವನವ್ವ ಶೈಲ ಏಳು ಗಂಟೆಯ ವ್ಯಾನಿಗೆ
ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ.
ಕಾಲರು ಹೊಲಿಯುವ ಕೆಲಸ, ಗಂಟೆಗಿಷ್ಟೆಂದು ಲೆಕ್ಕ.
ಸಂಜೆ ನನ್ನ ಕೈ ನೋಡಿ ಏನೂ ಅನ್ನಲಿಲ್ಲ,
ತೋಳು ಮಡಚಿ ತನ್ನದನ್ನು ತೋರಿಸಿದಳು:
ಹಳೆಯದು ಹಳದಿ, ಮೊನ್ನೆಯದು ನೀಲಿ, ಇವತ್ತಿನದು ಕೆಂಪು.
"ವ್ಯಾನ್ ಹಾರನ್ ಹೊಡುದ್ರೆ ಸಾಕು ಟೀಚರ್."

ಆಮೇಲೆ ನಾನು ಗದರುವುದು ಬಿಟ್ಟು ನೋಡತೊಡಗಿದೆ.
ಹಲ್ಲಿಗಿಂತ ಮುಂಚೆ ಒಂದು ಚೂರು ಹೊತ್ತಿದೆ.
ಗದ್ದ ನಡುಗುತ್ತದೆ. ಬಾಯಿ ಒಂದು ಮಾತಿಗೆಂದು ತೆರೆದು,
ಮಾತು ಸಿಗದೆ,
ಹತ್ತಿರ ಸಿಕ್ಕ ಮೈಯನ್ನು ಹಿಡಿದುಕೊಳ್ಳುತ್ತದೆ.

ಆ ಚೂರು ಹೊತ್ತಿಗೆ ಓಡಿ ಹೋಗಿ ಕೂತು
ನಾನೇ ಹೇಳತೊಡಗಿದೆ, "ಬ್ಯಾಡ."
ಅವನಿಗಲ್ಲ, ಅವನ ಪರವಾಗಿ.
ಚೆಂಡು ಕಿತ್ತುಕೊಂಡವರಿಗೆ, ಬ್ಯಾಡ. ಕೆನ್ನೆ ಹಿಂಡುವ ಹಿರಿಯರಿಗೆ, ಬ್ಯಾಡ.
ಇಪ್ಪತ್ತು ದಿನ. ಅಷ್ಟರಲ್ಲಿ ಇನ್ನೆರಡು ಸಲ ಕಚ್ಚಿಸಿಕೊಂಡೆ.

ಒಂದು ಗುರುವಾರ ಅವನ ಹಾಲಿನ ಲೋಟಕ್ಕೆ ಧೃತಿ ಕೈ ಹಾಕಿದಳು.
ಗದ್ದ ನಡುಗಿತು. ಬಾಯಿ ತೆರೆಯಿತು.
ನಾನು ನನ್ನ ಕೈಯನ್ನೇ ನಡುವೆ ಚಾಚಿದೆ.
"ಬ್ಯಾಡಾ!"
ಚಿಕ್ಕತಾಯಮ್ಮನ ಸೌಟು ಸಾರಿನಲ್ಲೇ ನಿಂತಿತು.

ಈಗ ಮೊಟ್ಟೆ ಬ್ಯಾಡ. ಹಾಡು ಬ್ಯಾಡ. ಎಡಗಾಲಿನ ಚಪ್ಪಲಿ ಬ್ಯಾಡ.
ತಕ್ಕಡಿ ಬ್ಯಾಡ, ಫೋಟೋ ಬ್ಯಾಡ, ಮೋಕ್ಷಿತ್ ಅನ್ನೋ ಹೆಸರೂ ಬ್ಯಾಡ.
ಸಂಜೆ ಕರೆಯಲು ಬಂದ ಅವ್ವನೂ ಬ್ಯಾಡ,
ಅನ್ನುತ್ತಲೇ ಅವಳ ಸೊಂಟ ಏರುತ್ತಾನೆ.
"ಇದ್ಕೇನ್ ಮದ್ದು ಟೀಚರ್?"
ಕೇಳುವವಳ ತೋಳಿನಲ್ಲಿ ಹಳದಿ ಮಾತ್ರ ಉಳಿದಿದೆ.

ಬಾಗಿಲು ಹಾಕುವಾಗ ಮೇಲಿನವರ ಫೋನು:
ಈ ಭಾನುವಾರವೂ ಸರ್ವೆಗೆ ಹೋಗಬೇಕಂತೆ.
ಹದಿನೇಳು ವರ್ಷದ ರೂಢಿಯ "ಹೂಂ ಮೇಡಂ"ಗೆ
ಬಾಯಿ ತೆರೆದೆ.
ಗದ್ದ ಒಂದಿಷ್ಟು ನಡುಗಿತು.