ಅಧ್ಯಕ್ಷರ ಅಪ್ಪಣೆಯ ಮೇರೆಗೆ

ಮಂಗಳವಾರ, ಸಂಜೆ ಆರೂವರೆ. ಹೊರಗೆ ಮೈನಸ್ ಮೂವತ್ತೊಂದು.
ಸ್ಥಳ: ಸಮುದಾಯ ಭವನದ ನೆಲಮಾಳಿಗೆ, ಬಾಯ್ಲರಿನ ಪಕ್ಕದ ಮೇಜು,
ಹಾರ್ಲೆನ್, ಸಸ್ಕ್ಯಾಚುವಾನ್.
ಹಾಜರಿ: ಒಂಬತ್ತರಲ್ಲಿ ಏಳು.
ಟ್ರೆಂಟ್‌ಗೆ ಹಾಕಿ ಪಂದ್ಯ; ಬ್ರೀಯಾಗೆ,
ಅವಳೇ ಹೇಳಿಕಳಿಸಿದಂತೆ, ಬೇಜಾರು.
ಬರೆದುಕೊಂಡವಳು ಲಾರಿಸಾ ಹ್ರಿಟ್ಸಾಕ್, ಹನ್ನೊಂದನೇ ತರಗತಿ,
ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಕಾರ್ಯದರ್ಶಿ.

ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢಪಡಿಸಲಾಯಿತು.
ಅದರಲ್ಲಿ ಬರೆಯದೆ ಬಿಟ್ಟದ್ದು:
ನಾವು ಇಲ್ಲಿಗೆ ಸೇರಿದ್ದು ಪಿಜ್ಜಾದ ಆಸೆಗೆ.
ಸೆಪ್ಟೆಂಬರಿನಲ್ಲಿ ಶಾಲೆಯ ಕಾರಿಡಾರಿನಲ್ಲೊಂದು ಮಡಚುಮೇಜು,
ಹಿಂದೆ ಹಾರ್ಡ್‌ವೇರ್ ಅಂಗಡಿಯ ವರ್ನ್ ಪೆಟ್ರಿಶೆನ್,
ಎದೆಯ ಮೇಲೆ ಊರಿನ ವರ್ತಕರ ಸಂಘದ ಬಿಲ್ಲೆ.
"ಒಂದು ಕಂಪನಿ ಮಾಡಿ, ಜೂನಿಗೆ ಮುಚ್ಚಿ,
ನಡುವೆ ಏನಾಗುತ್ತದೋ ಅದೇ ಪಾಠ" ಎಂದರು.
ಮುಚ್ಚುವ ಮಾತು ನಮ್ಮ ಯಾರ ಕಿವಿಗೂ ಬೀಳಲಿಲ್ಲ.
ಪಿಜ್ಜಾ ಯಾವ ದಿನ ಎಂದು ಜೋಮರ್ ಕೇಳಿದ.

ಉತ್ಪನ್ನದ ವರದಿ.
ನಮ್ಮೂರಿನಲ್ಲಿ ಕಾರುಗಳಿಗೂ ರಾತ್ರಿ ಬೆಂಕಿ ಕಾಯಿಸಬೇಕು:
ಮೂತಿಯಿಂದ ನೇತಾಡುವ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿದರೆ
ಎಂಜಿನ್ನು ಬೆಳಿಗ್ಗೆ ಎದ್ದೀತು. ಮರೆತರೆ, ಕಲ್ಲು.
ಆ ತಂತಿ ಸುತ್ತಿಡಲು ಒಂದು ಮರದ ಕೊಕ್ಕೆ,
ಹನ್ನೆರಡು ಡಾಲರ್. ಡೆಲೈನಳ ಯೋಚನೆ.
ಹಲಗೆ, ಅಂಗಡಿಯ ಹಿತ್ತಲಲ್ಲಿ ಬಿದ್ದದ್ದು, ಪುಕ್ಕಟೆ.
ಸ್ಕ್ರೂ, ಮರಳುಕಾಗದ, ವಾರ್ನಿಷ್: ಉದ್ರಿ.
ವರ್ನ್ ಅವರ ಉದ್ದನೆಯ ಹಸಿರು ಖಾತೆಪುಸ್ತಕದಲ್ಲಿ
ಗೋಧಿ ಬೆಳೆಯುವವರ ಪುಟಗಳ ನಡುವೆ ನಮ್ಮದೊಂದು ಪುಟ.
ಹದಿನಾರು ವರ್ಷಕ್ಕೇ ನಮ್ಮ ಹೆಸರಲ್ಲಿ ಸಾಲ!
ಡೆಲೈನ್ ಅದರ ಫೋಟೋ ತೆಗೆದು ಅಜ್ಜಿಗೆ ಕಳಿಸಿದಳು.
ಅಜ್ಜಿ ರಿಸರ್ವಿನಿಂದ ಸಾಮಾನಿಗೆ ಬರುತ್ತಿದ್ದ ಕಾಲದಲ್ಲಿ
ಈ ಬೀದಿಯಲ್ಲಿ ಅವರಿಗೆ ಒಂದು ಮೊಳೆಯನ್ನೂ
ಯಾರೂ ಉದ್ರಿ ಕೊಡುತ್ತಿರಲಿಲ್ಲವಂತೆ.
ಈ ಸಾಲು ನಡಾವಳಿಗೆ ಸೇರಬೇಕೇ ಎಂದು ಕೇಳಿದೆ.
ಸೇರಲಿ, ಅಂದಳು.

ಬೋಣಿ ಮಾಡಿದವರು ಅಂಚೆ ಕಚೇರಿಯ ಮಿಸೆಸ್ ಫೇರ್‌ಬರ್ನ್.
ನೋಟು ಕೈಗೆ ಬಂದಾಗ ಜೋಮರನ ಕಿವಿ ಕೆಂಪಾಗಿ
ಚಿಲ್ಲರೆ ಕೊಡುವುದನ್ನೇ ಮರೆತ.

ಖಜಾಂಚಿಯ ವರದಿ.
ಮಾರಿದ್ದು ಅರವತ್ತಮೂರು. ಸೀಳಿದ್ದು ನಾಲ್ಕು.
ನಮ್ಮಪ್ಪ ಒಂದು ಕೊಂಡು, ತಂತಿ ಸುತ್ತದೆ,
ಅಡುಗೆಮನೆಯ ಗೋಡೆಗೆ ಸುಮ್ಮನೆ ನೇತುಹಾಕಿದ್ದಾನೆ.
ಜಮಾ: ಏಳುನೂರ ಐವತ್ತಾರು.
ಅಂಗಡಿಗೆ ಬಾಕಿ: ನಲವತ್ತೊಂದು ಡಾಲರ್, ಎಂಬತ್ತು ಸೆಂಟ್.
ಜೂನಿನಲ್ಲಿ ತೀರಿಸೋಣ, ಅವಸರವೇನು ಎಂದು ಸೂಚನೆ.
ಅನುಮೋದನೆ.

ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯಗಳು.
ವರ್ನ್ ಎದ್ದು ನಿಂತರು.
ಸಲಹೆಗಾರರು ಎದ್ದು ನಿಲ್ಲುವ ವಾಡಿಕೆ ಇಲ್ಲ.
ಮಾರ್ಚ್ ಕೊನೆಗೆ ಅಂಗಡಿ ಮುಚ್ಚುತ್ತೇನೆ,
ಮೊಳೆ ಈಗ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬರುತ್ತದೆ,
ನನ್ನ ಮಂಡಿಗೂ ಎಪ್ಪತ್ತೆರಡಾಯಿತು ಎಂದರು.
ನಾಳೆಯ ಹವಾಮಾನ ಹೇಳಿದಂತೆ ಹೇಳಿದರು.

ಇಲ್ಲಿ ಸುಮಾರು ಎರಡು ನಿಮಿಷ ಯಾರೂ ಮಾತಾಡಲಿಲ್ಲ.
ಬಾಯ್ಲರ್ ಮಾತಾಡಿತು.
ಇದನ್ನು ನಡಾವಳಿಯಲ್ಲಿ ಹೇಗೆ ಬರೆಯುವುದೆಂದು
ಅವರೇ ಕೊಟ್ಟ ಕೈಪಿಡಿಯಲ್ಲಿ ಇಲ್ಲ.

ಆಮೇಲೆ ಜೋಮರ್, ತಿದ್ದುಪಡಿ, ಎಂದ.
ಬಾಕಿ ಜೂನಿಗಲ್ಲ. ಈಗ.
ತಗಡಿನ ಡಬ್ಬಿ ತೆರೆದು ಎಣಿಸಿದ, ಎರಡೆರಡು ಸಲ;
ಬರೀ ನಾಣ್ಯ, ಮೇಜಿನ ಉದ್ದಕ್ಕೂ.
"ಬಿಡ್ರೋ, ಅದೆಲ್ಲ ಲೆಕ್ಕಕ್ಕಿಲ್ಲ" ಎಂದರು ವರ್ನ್.
"ಲೆಕ್ಕಕ್ಕಿದೆ. ನಮ್ಮ ಪುಟ ಇದೆ" ಎಂದಳು ಡೆಲೈನ್.
ಅವರು ಮೂಗೊರೆಸಿಕೊಂಡು, ಚಳಿಗೇ ಇರಬೇಕು,
ರಸೀದಿ ಬರೆದರು. ಕೆಳಗೊಂದು ಅಡ್ಡಗೆರೆ.
ಗೆರೆಯ ಕೆಳಗೆ: ಚುಕ್ತಾ.

ಸಭೆ ಮುಗಿದದ್ದು ಏಳು ನಲವತ್ತಕ್ಕೆ.
ಹೊರಗೆ ಎಲ್ಲ ಗಾಡಿಗಳೂ ಒಂದೇ ಕಂಬಕ್ಕೆ ಬಾಯಿಟ್ಟು ನಿಂತಿದ್ದವು.
ವರ್ನ್ ತಮ್ಮ ಟ್ರಕ್ಕಿನ ತಂತಿ ಕಿತ್ತು ಸುತ್ತಿದರು,
ನಮ್ಮ ಮೊಟ್ಟಮೊದಲ ಕೊಕ್ಕೆಗೆ:
ಒಂದು ಕಿವಿ ಸೊಟ್ಟ, ಮಾರಲಾಗದೆಂದು
ನಾವೇ ಕಸಕ್ಕೆ ಎಸೆದದ್ದು.

ಮುಂದಿನ ಸಭೆ ಮುಂದಿನ ಮಂಗಳವಾರ.
ಪಿಜ್ಜಾ ಯಾರು ತರುವುದೆಂದು ತೀರ್ಮಾನವಾಗಿಲ್ಲ.